ಇಂಪ್ಲಾಂಟ್ ಹಲ್ಲಿನ ಕ್ಯಾಪ್: ಅಂದಾಜು ಪಟ್ಟಿಯನ್ನು ಓದುವುದು ಹೇಗೆ?

ಎರಡು ದಂತ ಚಿಕಿತ್ಸಾಲಯಗಳಿಂದ ಅಂದಾಜು ಪಟ್ಟಿ ತಂದವರು ಕೊನೆಯ ಸಾಲಿನ ಮೊತ್ತವನ್ನಷ್ಟೇ ನೋಡಿ, ಕಡಿಮೆ ಇದ್ದ ಕಡೆ ಮುಂಗಡ ಕಟ್ಟಿಬಿಡುತ್ತಾರೆ. ನಾಲ್ಕೈದು ತಿಂಗಳ ಬಳಿಕ ಹಲ್ಲು ಕೂರಿಸುವ ಹೊತ್ತಿಗೆ "ಕ್ಯಾಪಿನ ಲೆಕ್ಕ ಬೇರೆ" ಎಂಬ ಮಾತು ಕೇಳಿ ಕಂಗಾಲಾಗುತ್ತಾರೆ. ನನ್ನ ಬಂಧುಗಳಲ್ಲೇ ಇಬ್ಬರು ಹೀಗೆ ಸಿಕ್ಕಿಬಿದ್ದರು. ಅಷ್ಟರಲ್ಲಿ ಸ್ಕ್ರೂ ದವಡೆಯೊಳಗೆ ಗಟ್ಟಿಯಾಗಿ ಕೂತಿರುವುದರಿಂದ ಬೇರೆ ಕಡೆ ಹೋಗುವುದೂ ಸುಲಭವಲ್ಲ.

ಮೊದಲು, ಇಂಪ್ಲಾಂಟ್ ಹಲ್ಲು ಒಂದು ವಸ್ತುವಲ್ಲ, ಮೂರು ವಸ್ತು ಎಂಬುದನ್ನು ತಿಳಿದಿರಬೇಕು. ಮೂಳೆಯೊಳಗೆ ಇಳಿಯುವ ಟೈಟೇನಿಯಂ ಸ್ಕ್ರೂ (ಪಟ್ಟಿಯಲ್ಲಿ ಇಂಪ್ಲಾಂಟ್ ಎನ್ನುವುದು ಇದನ್ನೇ), ಅದರ ಮೇಲೆ ಒಸಡಿನ ಮಟ್ಟದಲ್ಲಿ ನಿಲ್ಲುವ ಅಬಟ್‌ಮೆಂಟ್, ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣುವ ಕ್ಯಾಪ್ ಅಥವಾ ಕ್ರೌನ್. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ದರ ಬಹಳ ಸಲ ಮೊದಲನೆಯದಕ್ಕೆ ಮಾತ್ರ ಸೇರಿದ್ದಾಗಿರುತ್ತದೆ.

ಎರಡನೆಯ ಹೆಜ್ಜೆಯಲ್ಲಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದು ಹಾಳೆಯಲ್ಲಿ ನಿಮ್ಮದೇ ಸಾಲುಗಳನ್ನು ಬರೆದುಕೊಳ್ಳಿ. ಹಳೆಯ ಹಲ್ಲು ಅಥವಾ ಬೇರು ಕೀಳುವುದು, ದವಡೆಯ ಮೂಳೆಯನ್ನು ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್, ಮೂಳೆ ಸಾಲದಿದ್ದರೆ ತುಂಬಿಸುವ ಮೂಳೆಪುಡಿ, ಇಂಪ್ಲಾಂಟ್, ಒಸಡು ಮಾಯುವವರೆಗೆ ಹಾಕುವ ಹೀಲಿಂಗ್ ಕ್ಯಾಪ್, ತಾತ್ಕಾಲಿಕ ಹಲ್ಲು, ಅಬಟ್‌ಮೆಂಟ್, ಅಳತೆ, ಕ್ರೌನ್, ಲ್ಯಾಬಿನ ಖರ್ಚು, ಬಳಿಕದ ತಪಾಸಣೆ ಎಂದು ಒಂದೊಂದಕ್ಕೂ ಒಂದು ಸಾಲು ಇರಲಿ. ಖಾಲಿ ಉಳಿದ ಸಾಲಿನ ಮುಂದೆ "ಸೇರಿದೆಯೇ, ಬೇಕಿಲ್ಲವೇ, ಆಮೇಲೆ ಬರುತ್ತದೆಯೇ?" ಎಂದು ಕೇಳಿ, ಉತ್ತರವನ್ನು ಪಟ್ಟಿಯ ಮೇಲೆಯೇ ಬರೆಸಿಕೊಳ್ಳಿ, ಬಾಯಿಮಾತು ಸಾಲದು. "ಒಂದೇ ದಿನದಲ್ಲಿ ಹಲ್ಲು" ಎಂಬ ಪ್ಯಾಕೇಜಿನಲ್ಲಿ ಅಂದು ಕೂರಿಸುವುದು ಸಾಮಾನ್ಯವಾಗಿ ತಾತ್ಕಾಲಿಕ ಹಲ್ಲು. ಮೂಳೆ ಟೈಟೇನಿಯಂ ಅನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು; ಶಾಶ್ವತ ಕ್ರೌನ್ ಬರುವುದು ಆಮೇಲೆ, ಅದರ ಬಿಲ್ಲೂ ಆಮೇಲೆಯೇ ಬರಬಹುದು.

ಜನ ಹೆಚ್ಚು ಎಡವುವುದು ಅಬಟ್‌ಮೆಂಟಿನಲ್ಲಿ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಸಿದ್ಧ ಅಳತೆಯಲ್ಲಿ ಬರುವ ಅಬಟ್‌ಮೆಂಟಿಗೆ ಖರ್ಚು ಕಡಿಮೆ. ನಿಮ್ಮ ಒಸಡಿನ ಆಕಾರವನ್ನೂ ಇಂಪ್ಲಾಂಟಿನ ಓರೆಯನ್ನೂ ನೋಡಿಕೊಂಡು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಕಡೆದದ್ದಕ್ಕೆ ಖರ್ಚು ಹೆಚ್ಚು. ಹಿಂದಿನ ದವಡೆ ಹಲ್ಲಿಗೆ, ಇಂಪ್ಲಾಂಟ್ ನೆಟ್ಟಗೆ ಕೂತಿದ್ದರೆ, ಸಿದ್ಧ ಅಬಟ್‌ಮೆಂಟ್ ಬಹುಮಟ್ಟಿಗೆ ಸಾಕು. ಮುಂದಿನ ಹಲ್ಲಿಗೆ ಕಡೆಸಿದ್ದನ್ನೇ ಹಾಕಿಸಿಕೊಳ್ಳಿ ಎನ್ನುತ್ತೇನೆ, ಒಸಡಿನ ಅಂಚು ಸಹಜವಾಗಿ ಕಾಣುವುದು ಅದರಿಂದಲೇ. ಇಂಪ್ಲಾಂಟ್ ತಯಾರಿಸಿದ ಕಂಪನಿಯದೇ ಅಬಟ್‌ಮೆಂಟ್ ಹಾಕುತ್ತಾರೆಯೇ ಎಂದೂ ಕೇಳಿ. "ಇದೂ ಹೊಂದುತ್ತದೆ" ಎಂದು ಬರುವ ಅಗ್ಗದ ನಕಲು ಭಾಗಗಳಲ್ಲಿ ಕೂದಲೆಳೆಗಿಂತ ಸಣ್ಣ ವ್ಯತ್ಯಾಸವಿದ್ದರೂ ಅದನ್ನು ಇಂಪ್ಲಾಂಟಿಗೆ ಬಿಗಿಯುವ ಒಳಗಿನ ಪುಟ್ಟ ಸ್ಕ್ರೂ ಮತ್ತೆ ಮತ್ತೆ ಸಡಿಲವಾಗಬಹುದು. ಕಂಪನಿಯ ವಾರಂಟಿಯೂ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ. ಉಳಿತಾಯ ಮಾಡಲೇಬೇಕಿದ್ದರೆ ಬೇರೆಲ್ಲಾದರೂ ಮಾಡಿ, ಇಲ್ಲಿ ಬೇಡ. ಇನ್ನು, ಪಟ್ಟಿಯಲ್ಲಿ ಅಬಟ್‌ಮೆಂಟಿನ ಸಾಲೇ ಇಲ್ಲವೆಂದ ಮಾತ್ರಕ್ಕೆ ಮೋಸವೆಂದು ತಿಳಿಯಬೇಕಿಲ್ಲ. ಚಿಕ್ಕ ಟೈಟೇನಿಯಂ ಬುಡಕ್ಕೆ ಜಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ರೌನನ್ನು ಲ್ಯಾಬಿನಲ್ಲೇ ಅಂಟಿಸಿ ಎರಡನ್ನೂ ಒಂದೇ ತುಂಡಾಗಿ ಕೊಡುವ ಪದ್ಧತಿಯಿದೆ. ಆಗ ಎರಡರ ಲೆಕ್ಕವೂ ಒಂದೇ ಸಾಲಿನಲ್ಲಿರುತ್ತದೆ.

ಮುಂದಿನದು ಕ್ರೌನಿನ ವಸ್ತು. ಲೋಹದ ಮೇಲೆ ಪಿಂಗಾಣಿ ಪದರವಿರುವುದು ಸಾಮಾನ್ಯವಾಗಿ ಅಗ್ಗ, ಆದರೆ ಆ ಪದರ ಚಕ್ಕೆಯೇಳುವುದುಂಟು. ಸ್ವಂತ ಹಲ್ಲಿನ ಬೇರಿನ ಸುತ್ತ ಒತ್ತಡವನ್ನು ಗ್ರಹಿಸಿ ತಾಳಿಕೊಳ್ಳುವ ತೆಳುವಾದ ನಾರಿನ ಪದರವೊಂದಿರುತ್ತದೆ. ಇಂಪ್ಲಾಂಟಿಗೆ ಅದಿಲ್ಲ, ಆದ್ದರಿಂದ ಎಷ್ಟು ಬಲವಾಗಿ ಕಚ್ಚುತ್ತಿದ್ದೇವೆಂದು ನಮಗೂ ಸರಿಯಾಗಿ ತಿಳಿಯುವುದಿಲ್ಲ. ಈ ಕಾರಣಕ್ಕೆ ದವಡೆ ಹಲ್ಲಿಗೆ ಪದರವಿಲ್ಲದ, ಒಂದೇ ತುಂಡಿನಿಂದ ಕಡೆದ ಜಿರ್ಕೋನಿಯಾವೇ ನನ್ನ ಆಯ್ಕೆ. ಬರೀ "ಜಿರ್ಕೋನಿಯಾ" ಎಂದು ಬರೆದುಕೊಟ್ಟರೆ ಮಾತ್ರ ಒಪ್ಪಬೇಡಿ. ಗಟ್ಟಿ ಬಗೆಯದು ಸುಮಾರು 1000 ಮೆಗಾಪ್ಯಾಸ್ಕಲ್ ಒತ್ತಡವನ್ನು ತಾಳಿದರೆ, ಮುಂದಿನ ಹಲ್ಲಿಗೆಂದು ಮಾಡುವ, ಬೆಳಕು ಹಾಯುವ ಬಗೆಯದು ಅದಕ್ಕಿಂತ ಸಾಕಷ್ಟು ಕಡಿಮೆ ತಾಳುತ್ತದೆ. ಯಾವ ಬಗೆ ಎಂದು ಕೇಳಿದರೆ ಒಳ್ಳೆಯ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ.

ಕ್ರೌನನ್ನು ಸ್ಕ್ರೂ ಹಾಕಿ ಬಿಗಿಯುತ್ತಾರೋ ಸಿಮೆಂಟಿನಿಂದ ಅಂಟಿಸುತ್ತಾರೋ ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಮುಂದಿನ ವರ್ಷಗಳ ಖರ್ಚು ನಿಂತಿರುವುದು ಇದರ ಮೇಲೆಯೇ. ಸ್ಕ್ರೂ ಬಿಗಿದದ್ದು ಸಡಿಲವಾದರೆ, ಮೇಲಿನ ರಂಧ್ರ ಮುಚ್ಚಿದ ಫಿಲ್ಲಿಂಗ್ ತೆಗೆದು, ತಯಾರಕರು ಹೇಳಿದ ಟಾರ್ಕಿಗೆ (ತಿರುಗಿಸಿ ಬಿಗಿಯುವ ಬಲಕ್ಕೆ), ಅಂದರೆ ಹಲವು ಕಂಪನಿಗಳಲ್ಲಿ 30ರಿಂದ 35 ನ್ಯೂಟನ್ ಸೆಂಟಿಮೀಟರಿಗೆ, ಮತ್ತೆ ಬಿಗಿದರೆ ಮುಗಿಯಿತು. ಅಂಟಿಸಿದ್ದನ್ನು ಬಿಚ್ಚಲು ಹೋದರೆ ಕ್ರೌನೇ ಹಾಳಾಗಬಹುದು. ಮೇಲಾಗಿ ಒಸಡಿನಡಿ ಉಳಿದ ಸಿಮೆಂಟಿನ ಚೂರು ಇಂಪ್ಲಾಂಟಿನ ಸುತ್ತ ಸೋಂಕಿಗೂ ಮೂಳೆ ಕರಗುವುದಕ್ಕೂ ಕಾರಣವಾಗಬಹುದು. ಇಂಪ್ಲಾಂಟ್ ಓರೆಯಾಗಿದ್ದು ಸ್ಕ್ರೂವಿನ ರಂಧ್ರ ಹಲ್ಲಿನ ಹೊರಗೆ ಕಾಣುವ ಮುಖದ ಮೇಲೆ ಬರುವಂತಿದ್ದರೆ ಮಾತ್ರ ಅಂಟಿಸುವುದಕ್ಕೆ ಅರ್ಥವಿದೆ.

ಸಾಲಾಗಿ ಹಲವು ಹಲ್ಲು ಹೋಗಿದ್ದರೆ ಪ್ರತಿ ಹಲ್ಲಿಗೂ ಇಂಪ್ಲಾಂಟ್ ಬೇಕಾಗದು. ಮೂರು ಹಲ್ಲಿನ ಜಾಗಕ್ಕೆ ಎರಡು ಇಂಪ್ಲಾಂಟ್ ಮೇಲಿನ ಬ್ರಿಡ್ಜ್, ಅಂದರೆ ಒಂದಕ್ಕೊಂದು ಜೋಡಿಸಿದ ಹಲ್ಲುಗಳ ಸಾಲು, ಸಾಕಾಗಬಹುದು. ರಾತ್ರಿ ಹಲ್ಲು ಕಡಿಯುವ ಅಭ್ಯಾಸವಿದ್ದವರು ನೈಟ್ ಗಾರ್ಡಿನ (ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚದ) ಖರ್ಚನ್ನೂ ಹಾಳೆಗೆ ಸೇರಿಸಿಕೊಳ್ಳಬೇಕು.

ಹಣ ಕಟ್ಟುವ ಮುನ್ನ, ಕ್ರೌನ್ ಒಡೆದರೆ ಎಷ್ಟು ವರ್ಷದವರೆಗೆ ಯಾರ ಖರ್ಚಿನಲ್ಲಿ ಬದಲಾಯಿಸುತ್ತಾರೆಂದು ಬರೆಸಿಕೊಳ್ಳಿ. ಇಂಪ್ಲಾಂಟಿಗೆ ವಾರಂಟಿ ಎಂದರೆ ಕ್ರೌನಿಗೂ ಎಂದು ಅರ್ಥವಲ್ಲ. ಕೆಲಸ ಮುಗಿದ ದಿನ ಇಂಪ್ಲಾಂಟಿನ ಕಂಪನಿ, ಮಾದರಿ, ಅಳತೆ, ಲಾಟ್ ಸಂಖ್ಯೆಗಳಿರುವ ಚೀಟಿಯನ್ನು ಕೇಳಿ ಪಡೆಯಿರಿ. ಹತ್ತು ವರ್ಷದ ಬಳಿಕ ಬೇರೆ ಊರಿನ ವೈದ್ಯರಿಗೆ ಸರಿಯಾದ ಸ್ಕ್ರೂ ತರಿಸಲು ಬೇಕಾಗುವುದು ಆ ಚೀಟಿಯೇ, ಬಿಲ್ಲಲ್ಲ.