ಹಸಿರು ಸ್ವೆಟರಿನ ಅಜ್ಜಿಯ ಬೆನ್ನು ಹಿಡಿದು ಹನೋಯ್‌ಗೆ

ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಿಂದ ವಿಯೆಟ್ನಾಂನ ಹನೋಯ್‌ಗೆ ವಿಮಾನ ಹತ್ತಿದರೆ ಒಂದೂಕಾಲು ಗಂಟೆ ಸಾಕು. ನಾನು ಬಸ್ಸಿನಲ್ಲಿ ಹೋದೆ, ಸರಿಯಾಗಿ ಒಂದು ಹಗಲು, ಒಂದು ರಾತ್ರಿ ಹಿಡಿಯಿತು. ಎರಡು ದೇಶಗಳ ನಡುವೆ ಅನಾಮೈಟ್ ಪರ್ವತಸಾಲು ಮಲಗಿದೆ. ಘಟ್ಟದ ಕೆಳಗೆ ಹುಟ್ಟಿ ಬೆಳೆದ ನನಗೆ ಘಟ್ಟ ಹತ್ತಿ ಇಳಿದಾಗಲೇ ಬೇರೆ ಸೀಮೆಗೆ ಬಂದೆ ಎನ್ನಿಸುವುದು.

ಹೊರಡುವ ಮುನ್ನ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ವೀಸಾ ಬಗ್ಗೆ. ವಿಯೆಟ್ನಾಂನ ಇ-ವೀಸಾಕ್ಕೆ 25 ಡಾಲರ್. ಅರ್ಜಿಯಲ್ಲಿ ಯಾವ ದ್ವಾರದಿಂದ ದೇಶ ಪ್ರವೇಶಿಸುತ್ತೀರಿ ಎಂಬ ಪ್ರಶ್ನೆಯೊಂದಿದೆ. ನಾನು ರೂಢಿಯಂತೆ ಹನೋಯ್ ವಿಮಾನ ನಿಲ್ದಾಣವಾದ ನೋಯ್ ಬಾಯ್ ಎಂದು ಆರಿಸಿಬಿಟ್ಟಿದ್ದೆ. ಹಣ ಕಟ್ಟುವ ಮೊದಲು ಮತ್ತೊಮ್ಮೆ ಓದಿದಾಗ ಎದೆ ಧಸಕ್ಕೆಂದಿತು. ತಿದ್ದಿ, ಬಸ್ಸು ದಾಟುವ ಕಾವ್ ತ್ರೆಯೊ ಗಡಿಯನ್ನು ಆರಿಸಿದೆ. ಪ್ರತಿಯನ್ನು ಮೊಬೈಲ್‌ನಲ್ಲಿ ಮಾತ್ರ ಇಟ್ಟುಕೊಳ್ಳದೆ ಕಾಗದದಲ್ಲಿ ಎರಡು ಮುದ್ರಿಸಿಕೊಂಡೆ. ಗಡಿಯ ಬಳಿ ಲಾವೋಸ್‌ನ ಸಿಮ್ ಸತ್ತುಹೋಗುತ್ತದೆ, ಆಗ ಕೈಹಿಡಿಯುವುದು ಕಾಗದವೇ. ಉಳಿದ ಲಾವೋಸ್‌ನ ಕಿಪ್ ನೋಟುಗಳನ್ನು ವಿಯೆಂಟಿಯಾನ್‌ನಲ್ಲೇ ಬದಲಿಸಿಕೊಂಡೆ.

ಊರಾಚೆಯ ದಕ್ಷಿಣ ಬಸ್ ನಿಲ್ದಾಣದಿಂದ ಸಂಜೆ ಆರೂವರೆಗೆ ಬಸ್ಸು ಹೊರಟಿತು. ಹತ್ತುವಾಗಲೇ ಕೈಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟರು, ಚಪ್ಪಲಿ ಬಿಚ್ಚಿ ಅದರಲ್ಲಿಡಲು. ಒಳಗೆ ನಮ್ಮ ಸ್ಲೀಪರ್ ಬಸ್ಸುಗಳಂತೆ ಪೂರ್ತಿ ಚಪ್ಪಟೆಯಾಗಿ ಮಲಗುವ ಮಂಚಗಳಿಲ್ಲ. ಉದ್ದಕ್ಕೆ ಮೂರು ಸಾಲು, ಮೇಲೊಂದು ಕೆಳಗೊಂದು. ಬೆನ್ನು ಅರೆ ಒರಗಿದಂತೆ ಇರುತ್ತದೆ, ಕಾಲುಗಳು ಮುಂದಿನವರ ಬೆನ್ನಿನಡಿಯ ಪೆಟ್ಟಿಗೆಯೊಳಗೆ ಹೋಗುತ್ತವೆ. ಆ ಪೆಟ್ಟಿಗೆ ನನ್ನ ಎತ್ತರಕ್ಕೆ ಸಾಲದು. ಮಂಡಿ ಮಡಚಿ ಒಂದು ಬದಿಗೆ ವಾಲಿಕೊಂಡೆ. ಕೆಳಗಿನ ಸಾಲಿನಲ್ಲಿ, ಮುಂಭಾಗದಲ್ಲಿ ಜಾಗ ಕೇಳಿ ಪಡೆದಿದ್ದೆ. ಘಟ್ಟದ ತಿರುವುಗಳಲ್ಲಿ ಮೇಲಿನ ಹಾಸಿಗೆ ತೊಟ್ಟಿಲಿನಂತೆ ತೂಗುತ್ತದೆ, ಹಿಂದಿನದು ಎತ್ತಿ ಹಾಕುತ್ತದೆ. ನಡುದಾರಿಯಲ್ಲಿ ಮೂಟೆಗಳು, ಮೂಟೆಗಳ ಮೇಲೆ ಚಾಪೆ ಹಾಸಿ ಇಬ್ಬರು ಹುಡುಗರು.

ರಾತ್ರಿಯೂಟ ಕಟ್ಟಿಕೊಂಡೇ ಬಂದಿದ್ದೆ. ಲಾವೋಸ್‌ನವರ ಅಂಟಕ್ಕಿ ಅನ್ನ, ಕಾವ್ ನ್ಯಾವ್, ಬಿದಿರಿನ ಸಣ್ಣ ಬುಟ್ಟಿಯಲ್ಲಿ ಗಂಟೆಗಟ್ಟಲೆ ಮೆದುವಾಗಿಯೇ ಇರುತ್ತದೆ. ಬೆರಳಲ್ಲಿ ಉಂಡೆ ಕಟ್ಟಿ, ಮನೆಯಿಂದ ತಂದ ಕೊಬ್ಬರಿ ಚಟ್ನಿಪುಡಿಯಲ್ಲಿ ಅದ್ದಿ ತಿಂದೆ. ಬಸ್ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ನೀರನ್ನು ಮಾತ್ರ ಗುಟುಕು ಗುಟುಕಾಗಿ ಕುಡಿದೆ. ಬಸ್ಸಿನಲ್ಲಿ ಶೌಚಾಲಯವಿರಲಿಲ್ಲ.

ಮೆಕಾಂಗ್ ನದಿಯ ಪಕ್ಕದ ರಸ್ತೆ ಬಿಟ್ಟು ಎಂಟನೆಯ ಹೆದ್ದಾರಿಗೆ ತಿರುಗಿದ ಮೇಲೆ ನಿದ್ದೆ ಹರಿದು ಹಂಚಿಹೋಯಿತು. ನಸುಕಿನ ನಾಲ್ಕಕ್ಕೆ ಎಂಜಿನ್ ನಿಂತಿತು. ಗಡಿ ತೆರೆಯುವುದು ಬೆಳಗಾದ ಮೇಲೆ. ಅಲ್ಲಿಯವರೆಗೆ ಎಲ್ಲರೂ ಕತ್ತಲಲ್ಲೇ ಮಲಗಿದರು. ಡಿಸೆಂಬರಿನ ಚಳಿ ಕಿಟಕಿಯ ಸಂದಿನಿಂದ ನೇರ ಮಂಡಿಗೆ ಇಳಿಯುತ್ತಿತ್ತು. ಹೊದಿಕೆ ತೆಳು, ಉಣ್ಣೆಯ ಟೋಪಿ ಇಲ್ಲದಿದ್ದರೆ ನನ್ನ ಗತಿ ಕಷ್ಟವಿತ್ತು.

ಈ ಗಡಿಯನ್ನು ಪ್ರಯಾಣಿಕರು ದಾಟಬೇಕಾದದ್ದು ಕಾಲ್ನಡಿಗೆಯಲ್ಲಿ. ಬಸ್ಸು ತನ್ನ ತಪಾಸಣೆಗೆ ತಾನು ಹೋಗುತ್ತದೆ. ಎಲ್ಲಿ ಮತ್ತೆ ಸಿಗುತ್ತದೆ ಎಂದು ಯಾರೂ ಹೇಳುವುದಿಲ್ಲ, ಹೇಳಿದರೂ ನನಗೆ ಅರ್ಥವಾಗುತ್ತಿರಲಿಲ್ಲ. ಸಾಲಾಗಿ ನಿಂತ ಬಸ್ಸುಗಳೆಲ್ಲ ಒಂದೇ ಬಣ್ಣದವು. ಆದ್ದರಿಂದ ಬಸ್ಸನ್ನು ಬಿಟ್ಟು ಮನುಷ್ಯರನ್ನು ಗುರುತಿಟ್ಟುಕೊಂಡೆ. ನನ್ನ ಎದುರಿನ ಹಾಸಿಗೆಯಲ್ಲಿ ಗಿಳಿಹಸಿರು ಸ್ವೆಟರ್ ತೊಟ್ಟ ವಿಯೆಟ್ನಾಂನ ಅಜ್ಜಿಯೊಬ್ಬರಿದ್ದರು. ಅವರು ಎಲ್ಲಿಗೋ ನಾನೂ ಅಲ್ಲಿಗೆ. ಗಡಿ ತಪಾಸಣೆಯ ಕಿಟಕಿಯ ಮುಂದೆ ಸರದಿ ಎಂಬುದಿರಲಿಲ್ಲ, ಪಾಸ್‌ಪೋರ್ಟ್‌ಗಳ ಕಟ್ಟೊಂದು ಬೆಳೆಯುತ್ತಿತ್ತು. ಅಜ್ಜಿ ಹಿಂತಿರುಗಿ ನೋಡಿ, ನನ್ನ ಕೈಯಿಂದ ಪಾಸ್‌ಪೋರ್ಟ್ ತೆಗೆದುಕೊಂಡು ತಮ್ಮದರ ಕೆಳಗೆ ಸೇರಿಸಿ ಕಟ್ಟಿಗಿಟ್ಟರು. ಮುದ್ರೆ ಬಿದ್ದು ವಾಪಸ್ ಬಂದಾಗ ನಾನು ಮೊದಲು ನೋಡಿದ್ದು ದಿನಾಂಕವನ್ನು. ಅಲ್ಲೇ ನಿಂತು ನೋಡಿಕೊಳ್ಳಬೇಕು, ಬಸ್ಸು ಹೊರಟ ಮೇಲೆ ತಪ್ಪು ಕಂಡರೆ ಪ್ರಯೋಜನವಿಲ್ಲ.

ಲಾವೋಸ್ ಬದಿಯಲ್ಲಿ ನೆಲ ಒಣಗಿತ್ತು. ಘಟ್ಟದ ನೆತ್ತಿ ದಾಟಿ ವಿಯೆಟ್ನಾಂ ಬದಿಗೆ ಬರುತ್ತಿದ್ದಂತೆ ಮಂಜು, ಜಿಟಿಜಿಟಿ ಮಳೆ. ಶಿರಾಡಿಯಲ್ಲಿ ಜುಲೈ ತಿಂಗಳಲ್ಲಿ ನೋಡುವುದನ್ನು ಇಲ್ಲಿ ಡಿಸೆಂಬರಿನಲ್ಲಿ ನೋಡಿದೆ. ಚಳಿಗಾಲದ ಈಶಾನ್ಯ ಮಾರುತ ಸಮುದ್ರದ ತೇವವನ್ನು ತಂದು ಈ ಬೆಟ್ಟಗಳ ಪೂರ್ವಕ್ಕೆ ಸುರಿಯುತ್ತದೆ. ಬೇಸಿಗೆಯಲ್ಲಿ ಆಟ ತಿರುಗುಮುರುಗು: ನೈರುತ್ಯದ ಗಾಳಿ ಲಾವೋಸ್‌ನಲ್ಲಿ ಮಳೆ ಕೊಟ್ಟು, ಒಣಗಿ ಬಿಸಿಯಾಗಿ ಈ ಕಡೆ ಇಳಿಯುತ್ತದೆ. ಇಲ್ಲಿಯವರು ಅದನ್ನು ಲಾವೋ ಗಾಳಿ ಎಂದೇ ಕರೆಯುತ್ತಾರೆ. ಗೊರಸುಳ್ಳ ಅಪರೂಪದ ಪ್ರಾಣಿ ಸಾವೊಲಾ ಹೊರಜಗತ್ತಿಗೆ ಮೊದಲು ತಿಳಿದದ್ದೂ ಇದೇ ಹಾ ತಿನ್ ಪ್ರಾಂತದ ಕಾಡಿನಿಂದ, 1992ರಲ್ಲಿ. ಕಿಟಕಿಯ ಮಂಜನ್ನು ಒರೆಸಿ ಒರೆಸಿ ನೋಡಿದೆ, ಬಿದಿರು ಮತ್ತು ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಅಷ್ಟೇ ಸಾಕೆನ್ನಿಸಿತು.

ವಿನ್ ನಗರಕ್ಕಿಂತ ಸ್ವಲ್ಪ ಮೊದಲು ಊಟಕ್ಕೆ ನಿಲ್ಲಿಸಿದರು. ವಿಯೆಟ್ನಾಮೀ ಭಾಷೆಯಲ್ಲಿ ಸಸ್ಯಾಹಾರಕ್ಕೆ 'ಆನ್ ಚಾಯ್' ಎನ್ನುತ್ತಾರೆ. ನನ್ನ ಬಾಯಲ್ಲಿ ಅದು ಚಹಾ ಕೇಳಿದಂತೆ ಬಂದಿರಬೇಕು, ಹೋಟೆಲಿನ ಹುಡುಗಿ ಕಣ್ಣರಳಿಸಿದಳು. ಅಜ್ಜಿ ಅಡುಗೆಮನೆಯತ್ತ ಗಟ್ಟಿಯಾಗಿ ಏನೋ ಕೂಗಿ ಹೇಳಿದರು. ಅನ್ನ, ಕರಿದ ತೋಫು, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು ಬಂತು. ಮೀನಿನ ಸಾಸಿನ ಬಟ್ಟಲನ್ನು ಅವರೇ ನನ್ನ ಮುಂದಿನಿಂದ ಸರಿಸಿ ತಮ್ಮ ಕಡೆಗೆ ಎಳೆದುಕೊಂಡರು.

ವಿನ್‌ನಲ್ಲಿ ಮಳೆಯಲ್ಲೇ ಅವರು ಇಳಿದರು. ಇಳಿಯುವ ಮೊದಲು ಬಸ್ಸಿನ ಹುಡುಗನಿಗೆ ನನ್ನತ್ತ ಬೆರಳು ತೋರಿಸಿ ಏನೋ ಹೇಳಿದರು. ನನಗೆ ತಿಳಿದದ್ದು 'ಹಾ ನೋಯ್' ಎಂಬ ಎರಡು ಸದ್ದು ಮಾತ್ರ. ಅಲ್ಲಿಂದ ಮುಂದೆ ಪ್ರತಿ ನಿಲುಗಡೆಯಲ್ಲೂ ಆ ಹುಡುಗ ನನ್ನ ಬಳಿ ಬಂದು, ಎಷ್ಟು ನಿಮಿಷ ನಿಲ್ಲುತ್ತದೆಂದು ಬೆರಳೆಣಿಸಿ ತೋರಿಸಿ ಹೋಗುತ್ತಿದ್ದ. ಹನೋಯ್‌ನ ನುವೊಕ್ ಙಾಮ್ ನಿಲ್ದಾಣ ಬಂದಾಗ ಮಂಡಿ ಮಡಚಿ ಮಲಗಿದ್ದ ನನ್ನನ್ನು ಅವನೇ ಕಾಲು ತಟ್ಟಿ ಎಬ್ಬಿಸಿದ. ಸಂಜೆ ಆರೂಮುಕ್ಕಾಲಾಗಿತ್ತು.