ಹಣೆಬರಹ ಬೇರೆ, ಕಾರಣ ಬೇರೆ: ಇಚ್ಛಾ ಸ್ವಾತಂತ್ರ್ಯದ ಚರ್ಚೆ ನಡೆಸುವ ಬಗೆ

ಕೊಡಗಿನ ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಆರೇಳು ಜನ ಸೇರಿ "ನಮ್ಮ ತೀರ್ಮಾನ ನಿಜಕ್ಕೂ ನಮ್ಮದೇನಾ?" ಎಂದು ಮಾತು ತೆಗೆದರೆ, ಹತ್ತು ನಿಮಿಷದಲ್ಲಿ ಯಾರಾದರೂ "ಎಲ್ಲ ಹಣೆಬರಹ ಬಿಡಿ" ಎನ್ನುತ್ತಾರೆ. ಚರ್ಚೆ ಕೆಡುವುದು ಅಲ್ಲೇ. ಹಣೆಬರಹವನ್ನೂ, ನಡೆಯುವುದೆಲ್ಲ ಹಿಂದಿನ ಕಾರಣಗಳಿಂದಲೇ ನಿರ್ಧಾರವಾಗುತ್ತದೆ ಎನ್ನುವ ನಿಯತಿವಾದವನ್ನೂ ಬಿಡಿಸಿಡುವುದಕ್ಕೇ ಮೊದಲ ಇಪ್ಪತ್ತು ನಿಮಿಷ ಮೀಸಲಿಡಿ. ಆತುರ ಬೇಡ.

ಉದಾಹರಣೆ ತೋಟದಲ್ಲೇ ಇದೆ. ಮಾರ್ಚ್ ಹೊತ್ತಿಗೆ ರೊಬಸ್ಟಾ ಕಾಫಿ ಗಿಡದ ರೆಕ್ಕೆಗಳಲ್ಲಿ, ಅಂದರೆ ಅಡ್ಡ ಕೊಂಬೆಗಳಲ್ಲಿ, ಗೆಣ್ಣು ಗೆಣ್ಣಿಗೂ ಮೊಗ್ಗು ಕಾದಿರುತ್ತದೆ. ಒಂದೊಂದೂವರೆ ಇಂಚು ಹೂಮಳೆ ಬಿದ್ದರೆ ಎಂಟು–ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್. ಮೋಟರ್ ಹಾಕುವುದೋ, ಇನ್ನೊಂದು ವಾರ ಕಾಯುವುದೋ? ಹಣೆಬರಹ ನಂಬುವವರಿಗೆ ಏನು ಮಾಡಿದರೂ ಫಸಲು ಬರುವಷ್ಟೇ ಬರುತ್ತದೆ. ನಿಯತಿವಾದಿ ಹಾಗೆನ್ನುವುದಿಲ್ಲ. ನೀರು ಕೊಟ್ಟರೆ ಹೂವು ಅರಳುತ್ತದೆ, ಕೊಡದಿದ್ದರೆ ಒಣಗೀತು. ಆದರೆ ಕೊಡುವ ನಿಮ್ಮ ತೀರ್ಮಾನಕ್ಕೂ ಹಿಂದೆ ಕಾರಣಗಳಿವೆ ಎನ್ನುತ್ತಾನೆ: ಕೆರೆಯ ನೀರಿನ ಮಟ್ಟ, ಡೀಸೆಲ್ ದರ, ಹೋದ ವರ್ಷ ಕಾದು ಕೈಸುಟ್ಟುಕೊಂಡ ನೆನಪು. ನಿಮ್ಮ ಯೋಚನೆಯೂ ಆ ಸರಪಳಿಯ ಒಂದು ಕೊಂಡಿ, ಅದನ್ನು ತೆಗೆದರೆ ಫಲವೂ ಬದಲಾಗುತ್ತದೆ. ಹಿರಿಯರು ಒಪ್ಪದಿದ್ದರೆ ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕ ತೋರಿಸಿ: ಕೆಲಸಕ್ಕೆ ಐದು ಕಾರಣಗಳಲ್ಲಿ ದೈವ ಐದನೆಯದು, ಕರ್ತೃವೂ ಅದೇ ಪಟ್ಟಿಯಲ್ಲಿದ್ದಾನೆ.

ಆಮೇಲೆ ಎರಡನೇ ಪ್ರಶ್ನೆ. ಬೇರೆ ದಾರಿಯೇ ಇಲ್ಲದಿದ್ದರೆ ಅದು ಆಯ್ಕೆಯೇ? 17ನೇ ಶತಮಾನದಲ್ಲಿ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಇದಕ್ಕೆ ಬೀಗ ಹಾಕಿದ ಕೋಣೆಯ ಉದಾಹರಣೆ ಕೊಟ್ಟ. ನಮಗೆ ಜುಲೈ ಮಳೆ ಸಾಕು. ನೆಂಟರ ಮನೆಗೆ ಹೋದವರು ಮಾತು ಮುಗಿಯದೆ ರಾತ್ರಿ ಅಲ್ಲೇ ಉಳಿಯುತ್ತಾರೆ. ಸಂಜೆಯೇ ಮರ ಬಿದ್ದು ರಸ್ತೆ ಬಂದ್ ಆಗಿರುವುದು ಅವರಿಗೆ ಗೊತ್ತಿಲ್ಲ. ಉಳಿದದ್ದು ಇಷ್ಟಪಟ್ಟೇ, ಆದರೆ ಹೊರಡುವಂತಿರಲಿಲ್ಲ. ಇಲ್ಲಿ ಗುಂಪು ಎರಡಾಗುತ್ತದೆ, ಆಗಲಿ. ಪ್ರತಿಯೊಬ್ಬರೂ ಮೊದಲು ಐದು ನಿಮಿಷ ಎದುರಾಳಿಯ ಪರವಾಗಿ ಮಾತಾಡಬೇಕು ಎಂಬ ನಿಯಮ ಹಾಕಿ.

ಮಾತು ಸುತ್ತಿ ಸುತ್ತಿ ಅಲ್ಲೇ ನಿಂತರೆ ತೊಡಕು ಬಹುಪಾಲು "ಬಹುದಿತ್ತು" ಎಂಬ ಪದದಲ್ಲಿರುತ್ತದೆ. "ಮೋಟರ್ ಹಾಕಬಹುದಿತ್ತು" ಎಂದರೆ, ಮನಸ್ಸು ಮಾಡಿದ್ದರೆ ಆಗುತ್ತಿತ್ತು ಎಂದೇ? ಅಥವಾ ಆ ಮನಸ್ಸು, ನೆನಪು, ಹವೆ ಎಲ್ಲ ಹಾಗೇ ಇದ್ದೂ ಬೇರೆಯದು ಆಗುತ್ತಿತ್ತು ಎಂದೇ? ಮೊದಲ ಅರ್ಥ ನಿಯತಿವಾದದೊಂದಿಗೆ ಹೊಂದುತ್ತದೆ, ಎರಡನೆಯದು ಹೊಂದುವುದಿಲ್ಲ. ಎರಡನ್ನೂ ಹಾಳೆಯ ಮೇಲೆ ಬರೆದು ನಡುವೆ ಇಡಿ. ಮಾತಾಡುವವರು ಯಾವುದೆಂದು ಬೆರಳಿಟ್ಟು ತೋರಿಸಲಿ.

"ಮಿದುಳು ಮೊದಲೇ ತೀರ್ಮಾನಿಸಿರುತ್ತದೆ, ವಿಜ್ಞಾನವೇ ಹೇಳಿದೆ" ಎಂಬ ಮಾತೂ ಬಂದೇ ಬರುತ್ತದೆ. ಅದು ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ. ಕೈ ಅಲುಗಿಸುವ ಸುಮಾರು 550 ಮಿಲಿಸೆಕೆಂಡು ಮೊದಲೇ ಮಿದುಳಿನಲ್ಲಿ ವಿದ್ಯುತ್ ಏರಿಕೆ ಕಂಡಿತು. ಅಲುಗಿಸಬೇಕೆಂಬ ಅರಿವು ಬಂದದ್ದು ಸುಮಾರು 200 ಮಿಲಿಸೆಕೆಂಡು ಮೊದಲು. ಅದು ಯಾವ ಉದ್ದೇಶವೂ ಇಲ್ಲದೆ ಸುಮ್ಮನೆ ಕೈ ಅಲುಗಿಸಿದ ಪ್ರಯೋಗ, ಮೂರು ದಿನ ಆಕಾಶ ನೋಡಿ ಮೋಟರ್ ಹಾಕಿದವರದ್ದಲ್ಲ. ಕೊನೇ ಗಳಿಗೆಯಲ್ಲಿ ತಡೆಯುವ ಶಕ್ತಿ ಅರಿವಿಗಿದೆ ಎಂದು ಲಿಬೆಟ್ ತಾವೇ ವಾದಿಸಿದ್ದರು. ಆ ಏರಿಕೆ ತೀರ್ಮಾನವೇ ಅಲ್ಲ, ಮಿದುಳಿನ ಸಹಜ ಏರಿಳಿತ ಇರಬಹುದು ಎಂಬ ವಿವರಣೆಯೂ 2012ರಲ್ಲಿ ಬಂದಿದೆ. ಇಷ್ಟನ್ನೂ ಹೇಳಿಯೇ ಆ ಪ್ರಯೋಗವನ್ನು ಚರ್ಚೆಗೆ ತನ್ನಿ.