ಕೊರಿಯಾ, ಪಾಂಡಾಸ್ ಇರುವ ಮಕ್ಕಳ ಹಲ್ಲಿನ ಆರೈಕೆ

ನಾಲಿಗೆ ಹೊರಗೆ ಚಾಚಿ ಹಾಗೆಯೇ ಇಟ್ಟುಕೋ ಎಂದರೆ ಸಿಡೆನ್‌ಹ್ಯಾಮ್ ಕೊರಿಯಾ ಇರುವ ಮಗುವಿಗೆ ಆಗುವುದಿಲ್ಲ. ಕೈಕಾಲು, ಮುಖ, ನಾಲಿಗೆ ತಮ್ಮಷ್ಟಕ್ಕೆ ತಾವೇ ಎಗರಾಡುವ ಕಾಯಿಲೆ ಇದು. ಚಾಚಿದ ಮರುಕ್ಷಣವೇ ನಾಲಿಗೆ ಸರಕ್ಕನೆ ಒಳಗೆ ಹೋಗುತ್ತದೆ. ನನ್ನ ಬೆರಳು ಹಿಡಿದುಕೋ ಎಂದರೆ ಹಿಡಿತ ಬಿಗಿಯಾಗುತ್ತದೆ, ಸಡಿಲವಾಗುತ್ತದೆ, ಮತ್ತೆ ಬಿಗಿಯಾಗುತ್ತದೆ. ವೈದ್ಯರು ಇದನ್ನು ಹಾಲು ಕರೆಯುವವರ ಹಿಡಿತ ಎನ್ನುತ್ತಾರೆ. ಇಂಥ ಕೈಗೆ ಬ್ರಷ್ ಕೊಟ್ಟು ‘ಸರಿಯಾಗಿ ತಿಕ್ಕು’ ಎಂದು ಗದರಿದರೆ ಏನು ಬಂತು? ನಾನು ಹಾಸನದಲ್ಲಿ ಮಕ್ಕಳ ದಂತವೈದ್ಯೆ. ಈ ಮಕ್ಕಳು ನನ್ನ ಬಳಿ ಬರುವ ಹೊತ್ತಿಗೆ ದವಡೆ ಹಲ್ಲುಗಳು ಹುಳುಕಾಗಿ ಊತ ಬಂದಿರುತ್ತದೆ. ಮನೆಯವರ ಚಿಂತೆಯೆಲ್ಲ ಹೃದಯ ಮತ್ತು ಮಿದುಳಿನ ಮೇಲೆ ಇರುವುದು ಸಹಜ. ಆದರೆ ಕಾಯಿಲೆ ವಾಸಿಯಾಗುವವರೆಗೆ ಹಲ್ಲು ಕಾಯುವುದಿಲ್ಲ.

ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು ಹೋದ ವಾರಗಳ ಅಥವಾ ತಿಂಗಳುಗಳ ನಂತರ, ಅದರ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ಮಗುವಿನ ಮಿದುಳಿನ ಮೇಲೆಯೇ ತಿರುಗಿ ಬೀಳುವುದರಿಂದ ಕೊರಿಯಾ ಬರುತ್ತದೆ. 5ರಿಂದ 15 ವರ್ಷದ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಹೆಚ್ಚು. ಇದು ರುಮ್ಯಾಟಿಕ್ ಜ್ವರದ ಒಂದು ರೂಪ. ಅದೇ ಜ್ವರ ಹೃದಯದ ಕವಾಟಗಳನ್ನೂ ಕೆಡಿಸುತ್ತದೆ. ಪಾಂಡಾಸ್ ಎಂಬ ಕಾಯಿಲೆಯೂ ಇದರ ನಂಟಿನದು. ಅಮೆರಿಕದ ವೈದ್ಯೆ ಸೂಸನ್ ಸ್ವೀಡೋ ಮತ್ತು ಸಂಗಡಿಗರು 1998ರಲ್ಲಿ 50 ಮಕ್ಕಳ ವಿವರ ಪ್ರಕಟಿಸಿ ಇದನ್ನು ಗುರುತಿಸಿದರು. ಇದರಲ್ಲಿ ಗೀಳು ಮತ್ತು ಅಂಗಾಂಗಗಳ ಸೆಳೆತ ಇದ್ದಕ್ಕಿದ್ದಂತೆ ಕಾಣಿಸಿಕೊಳ್ಳುತ್ತವೆ. ವೈದ್ಯರಲ್ಲಿ ಇದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ, ಆದರೆ ಮಗು ಬಾಯಿ ತೆರೆಯದೆ ಕುಳಿತಾಗ ಮನೆಯವರಿಗೆ ಬೇಕಾಗುವುದು ದಾರಿ.

ಕೈಕಾಲು ನಿಲ್ಲದಿರುವ ದಿನಗಳಲ್ಲಿ ಹಲ್ಲುಜ್ಜುವ ಕೆಲಸ ನಿಮ್ಮದು, ಮಗುವಿಗೆ ಹತ್ತು ವರ್ಷವಾಗಿದ್ದರೂ ಸರಿಯೇ. ಅರಕಲಗೂಡಿನ ಕಡೆಯ ಒಬ್ಬ ತಾಯಿ ‘ಮೇಡಂ, ಇಷ್ಟು ದೊಡ್ಡವಳಿಗೆ ನಾನು ಉಜ್ಜಿದರೆ ಸೋಮಾರಿಯಾಗುವುದಿಲ್ಲವೇ?’ ಎಂದು ಕೇಳಿದರು. ಆಗುವುದಿಲ್ಲ. ಅವಳಿಗೆ ಮನಸ್ಸಿದೆ, ಕೈ ಮಾತು ಕೇಳುತ್ತಿಲ್ಲ. ಆ ತಾಯಿಗೆ ನಾನು ತೋರಿಸಿಕೊಟ್ಟ ಕ್ರಮ ಇದು: ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಕೊಳ್ಳಿ. ಮಗು ಚಾಪೆಯ ಮೇಲೆ ಅಂಗಾತ ಮಲಗಿ ತಲೆಯನ್ನು ನಿಮ್ಮ ತೊಡೆಯ ಮೇಲೆ ಇಡಲಿ, ಎದೆಗೆ ಒಂದು ದಿಂಬು ಅಪ್ಪಿಕೊಳ್ಳಲಿ. ಅಪ್ಪಿಕೊಂಡ ಕೈಗಳ ಎಗರಾಟ ತಗ್ಗುತ್ತದೆ. ಬಲವಂತವಾಗಿ ಹಿಡಿದರೆ ಹೆಚ್ಚುತ್ತದೆ. ನಿಮ್ಮ ಎಡಗೈ ಗಲ್ಲದ ಕೆಳಗಿರಲಿ, ಅದೇ ಕೈಯ ತೋರುಬೆರಳಿನಿಂದ ಕೆನ್ನೆಯನ್ನು ಹೊರಗಿನಿಂದ ಸರಿಸಿ. ಹಲ್ಲುಗಳ ನಡುವೆ ಬೆರಳು ಇಡಲೇಬೇಡಿ. ದವಡೆ ಯಾವಾಗ ಮುಚ್ಚುತ್ತದೆ ಎಂದು ಮಗುವಿಗೇ ಗೊತ್ತಿರುವುದಿಲ್ಲ. ಬ್ರಷ್‌ನ ತಲೆ ಚಿಕ್ಕದಿರಲಿ, ಎಳೆ ಮೆತ್ತಗಿರಲಿ. ಮೊದಲು ಹಿಂದಿನ ಹಲ್ಲು, ಆಮೇಲೆ ಮುಂದಿನವು, ಏಕೆಂದರೆ ಮಗುವಿನ ತಾಳ್ಮೆ ಮುಗಿಯುವುದರೊಳಗೆ ಕಷ್ಟದ ಜಾಗ ಮುಗಿದಿರಬೇಕು. ಒಂದೇ ಸಲಕ್ಕೆ ಆಗದಿದ್ದರೆ ಮೇಲಿನ ಸಾಲು ಈಗ, ಕೆಳಗಿನ ಸಾಲು ಸ್ವಲ್ಪ ಹೊತ್ತು ಬಿಟ್ಟು. ಫ್ಲೋರೈಡ್ ಇರುವ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ನುಂಗಲು ತೊಂದರೆಯಿದ್ದರೆ ಇನ್ನೂ ಕಡಿಮೆ ಹಚ್ಚಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಾಯಿ ಮುಕ್ಕಳಿಸುವ ದ್ರವ ಬೇಡವೇ ಬೇಡ. ನಿದ್ದೆಯಲ್ಲಿ ಕೊರಿಯಾದ ಚಲನೆ ನಿಲ್ಲುತ್ತದೆ ಎಂದು ಮಲಗಿದ ಮೇಲೆ ಉಜ್ಜಲು ಹೋಗಬೇಡಿ, ನೊರೆ ಉಸಿರುನಾಳಕ್ಕೆ ಇಳಿಯಬಹುದು.

ಪಾಂಡಾಸ್‌ನ ಮಗುವಿನದು ಬೇರೆಯೇ ಸಂಕಟ. ಬ್ರಷ್‌ನಲ್ಲಿ ಕೊಳೆಯಿದೆ ಎಂದು ಮುಟ್ಟದಿರಬಹುದು, ಇಲ್ಲವೇ ವಸಡಿನಲ್ಲಿ ರಕ್ತ ಬರುವವರೆಗೂ ಉಜ್ಜುತ್ತಲೇ ಇರಬಹುದು. ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ಎರಡು ನಿಮಿಷದ ಟೈಮರ್ ಇಟ್ಟು, ಅದು ಬಡಿದಾಗ ನಿಲ್ಲಿಸುವುದೆಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಮಗುವಿನ ಮನೋವೈದ್ಯರಿಗೂ ಇದನ್ನು ತಿಳಿಸಿ. ಗೀಳಿಗೆ ಎಷ್ಟು ಮಣಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಅವರೇ ಹೇಳಬೇಕು.

ಔಷಧಿಯ ಸಿರಪ್‌ಗಳಲ್ಲಿ ಅನೇಕ ವೇಳೆ ಸಕ್ಕರೆ ಇರುತ್ತದೆ. ರಾತ್ರಿ ಸಿರಪ್ ಮೊದಲು, ಬ್ರಷ್ ಆಮೇಲೆ. ಈ ಕ್ರಮ ತಪ್ಪಿಸಬೇಡಿ. ಮಾತ್ರೆಯಾಗಿ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಅಗಿಯಲು ಕಷ್ಟವೆಂದು ಹಾಲಿನಲ್ಲಿ ನೆನೆಸಿದ ಬಿಸ್ಕತ್ತು ಕೊಟ್ಟರೆ ಅದು ಕೆನ್ನೆಯ ಸಂದಿಯಲ್ಲಿ ಗಂಟೆಗಟ್ಟಲೆ ಕುಳಿತಿರುತ್ತದೆ. ರಾಗಿ ಗಂಜಿ, ಮೊಸರನ್ನ ಕೊಟ್ಟು ಮೇಲೆ ನಾಲ್ಕು ಗುಟುಕು ನೀರು ಕುಡಿಸಿ.

ಹುಳುಕು ಹಲ್ಲು ಕೀಳಿಸಿದರೆ ಕಾಯಿಲೆಯೇ ಹೋಗುತ್ತದೆಯೇ ಎಂದು ಕೇಳುವವರು ಬಹಳ. ಹೋಗುವುದಿಲ್ಲ. ಹುಳುಕು ಮಾಡುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬೇರೆ, ಗಂಟಲಿನ ಗ್ರೂಪ್ ಎ ಬೇರೆ. ಸುಮಾರು ನೂರು ವರ್ಷದ ಹಿಂದೆ ನ್ಯೂಜೆರ್ಸಿಯ ಟ್ರೆಂಟನ್ ಆಸ್ಪತ್ರೆಯಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯ, ಹಲ್ಲಿನ ಸೋಂಕೇ ಹುಚ್ಚಿಗೆ ಮೂಲವೆಂದು ನಂಬಿ ರೋಗಿಗಳ ಹಲ್ಲುಗಳನ್ನು ಕೀಳಿಸುತ್ತಿದ್ದ. ಆ ನಂಬಿಕೆಗೆ ಇನ್ನೊಂದು ಮಗು ಹಲ್ಲು ಕಳೆದುಕೊಳ್ಳಬಾರದು. ಆದರೆ ಕೀವು, ಊತ, ನೋವು ಇದ್ದರೆ ಅದಕ್ಕೆ ತಕ್ಕ ಚಿಕಿತ್ಸೆ ಆಗಲೇಬೇಕು.

ದಂತವೈದ್ಯರಲ್ಲಿಗೆ ಹೋಗುವಾಗ ಒಂದು ಹಾಳೆ ಬರೆದು ಒಯ್ಯಿರಿ. ಎಲ್ಲ ಔಷಧಿಗಳ ಹೆಸರು ಮತ್ತು ಪ್ರಮಾಣ, ಕೊನೆಯ ಪೆನಿಸಿಲಿನ್ ಚುಚ್ಚುಮದ್ದಿನ ದಿನಾಂಕ ಅದರಲ್ಲಿರಲಿ. ಜೊತೆಗೆ ಹೃದಯದ ಸ್ಕ್ಯಾನ್ ಆದ ಎಕೋದ ವರದಿ ಇರಲಿ. ಕೊರಿಯಾದ ಚಲನೆ ತಗ್ಗಿಸಲು ಕೊಡುವ ವಾಲ್‌ಪ್ರೊಯೇಟ್, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳನ್ನು ಕಡಿಮೆ ಮಾಡಬಹುದು, ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ; ಹಲ್ಲು ಕೀಳುವ ಮೊದಲೇ ನಮಗೆ ಇವು ತಿಳಿದಿರಬೇಕು. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ.

ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಆಗುತ್ತಿದೆ, ಇನ್ನೇನು ಬೇಕು ಎಂದುಕೊಳ್ಳುವುದು ಅಪಾಯ. ಆ ಚುಚ್ಚುಮದ್ದು ಗಂಟಲಿನ ಸೋಂಕು ಮರುಕಳಿಸದಿರಲು. ಹಲ್ಲು ಕೀಳುವಾಗ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಕೆಟ್ಟ ಕವಾಟದಲ್ಲಿ ನೆಲೆಯೂರುವುದನ್ನು ಅದು ತಡೆಯುವುದಿಲ್ಲ. ಅದಕ್ಕಾಗಿ ಬೇರೆ ಆ್ಯಂಟಿಬಯಾಟಿಕ್ ಬೇಕೇ ಎಂಬುದನ್ನು ಹೃದಯ ವೈದ್ಯರು ನಿರ್ಧರಿಸಬೇಕು. ಬೇಕೆಂದಾದರೆ ಚಿಕಿತ್ಸೆಗೆ 30ರಿಂದ 60 ನಿಮಿಷ ಮುಂಚೆ ಕೊಡುತ್ತಾರೆ. ಪೆನಿಸಿಲಿನ್‌ಗೆ ಒಗ್ಗಿದ ಬ್ಯಾಕ್ಟೀರಿಯಾ ಬಾಯಲ್ಲಿ ಇರಬಹುದಾದ್ದರಿಂದ, ಈ ಮಕ್ಕಳಿಗೆ ಅದೇ ಗುಂಪಿನ ಅಮಾಕ್ಸಿಸಿಲಿನ್ ಬದಲು ಬೇರೆ ಗುಂಪಿನ ಔಷಧಿ ಆರಿಸಬೇಕಾಗುತ್ತದೆ. ಇದನ್ನು ನೀವೇ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಚಲನೆ ಜೋರಾಗಿರುವಾಗ ಡ್ರಿಲ್ ಹಿಡಿಯಲು ನಾನು ಒಪ್ಪುವುದಿಲ್ಲ. ಶೇಕಡಾ 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಸಣ್ಣ ಬ್ರಷ್‌ನಿಂದ ಹುಳುಕಿಗೆ ಸವರಿದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಚುಚ್ಚುವುದಿಲ್ಲ, ಕೊರೆಯುವುದಿಲ್ಲ. ಹುಳುಕಿನ ಜಾಗ ಕಪ್ಪಾಗುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಆದರೂ ಕೊರಿಯಾ ತಗ್ಗುವ ತನಕ ಹಲ್ಲು ಉಳಿಯುತ್ತದೆ. ಆಮೇಲೆ ಬಿಳಿಯ ಫಿಲ್ಲಿಂಗ್ ಮಾಡಬಹುದು.

ಕೊರಿಯಾದ ಚಲನೆ ತಗ್ಗಿಸುವ ಹ್ಯಾಲೋಪೆರಿಡಾಲ್ ಎಂಬ ಔಷಧಿ ಹೊಸದಾಗಿ ಶುರುವಾದ ದಿನಗಳಲ್ಲಿ ದವಡೆ ಬಿಗಿದು ಬಾಯಿ ತೆರೆಯಲಾಗದಿದ್ದರೆ, ನಾಲಿಗೆ ಹೊರಚಾಚಿ ಕತ್ತು ಒಂದು ಕಡೆಗೆ ತಿರುಚಿಕೊಂಡರೆ, ನನ್ನಂಥವರ ಬಳಿ ಬಂದು ಹೊತ್ತು ಕಳೆಯಬೇಡಿ. ಅದು ಹಲ್ಲಿನದೂ ಅಲ್ಲ, ಕೀಲು ತಪ್ಪಿದ್ದೂ ಅಲ್ಲ, ಔಷಧಿಯ ಅಡ್ಡಪರಿಣಾಮ. ಕೂಡಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಒಂದು ಚುಚ್ಚುಮದ್ದಿನಲ್ಲಿ ಸಾಮಾನ್ಯವಾಗಿ ಬೇಗ ಸಡಿಲವಾಗುತ್ತದೆ.

ಕೊರಿಯಾ ತಿಂಗಳುಗಳಲ್ಲಿ ತಗ್ಗುತ್ತದೆ. ಕೈ ಹತೋಟಿಗೆ ಬರುತ್ತಿದ್ದಂತೆ ಬ್ರಷ್‌ನ ಹಿಡಿಗೆ ಸೈಕಲ್ ಹ್ಯಾಂಡಲ್‌ನ ರಬ್ಬರ್ ತೊಡಿಸಿ ಮಗುವಿಗೇ ಕೊಡಿ. ದಪ್ಪ ಹಿಡಿ ಬೇಗ ಜಾರುವುದಿಲ್ಲ. ಮಗು ಉಜ್ಜಿದ ಮೇಲೆ ನೀವು ಒಮ್ಮೆ ಉಜ್ಜಿ. ಕಾಯಿಲೆ ಮರುಕಳಿಸುವುದುಂಟು, ಹಾಗಾಗಿ ಚುಚ್ಚುಮದ್ದು ತಪ್ಪಿಸಬೇಡಿ, ಮೂರು ತಿಂಗಳಿಗೊಮ್ಮೆ ಹಲ್ಲು ತೋರಿಸಿ.